ಹಿಂದಿನ ಸೀಟು

ಇದು ಕೆಂಚಾರ್ಲಹಳ್ಳಿಯ ಚಲಪತಿಗೆ ಆದದ್ದು, ಹೋದ ಮಾಘಮಾಸದಲ್ಲಿ. ಅನುಮಾನ ಇದ್ದವರು ಅವನ ಹೆಂಡತಿ ತನುಶ್ರೀಯನ್ನು ಕೇಳಬಹುದು. ಹಗಲು ಹೊತ್ತು ಕೇಳಿದರೆ ಒಳ್ಳೆಯದು.

ಚಿಂತಾಮಣಿಯಲ್ಲಿ ಆರತಕ್ಷತೆಯ ಊಟ ಮುಗಿಸಿ ರಾತ್ರಿ ಬರುವಾಗ ನಡುದಾರಿಯಲ್ಲಿ ಪೆಟ್ರೋಲ್ ಖಾಲಿಯಾಯಿತು. ಚಲಪತಿ ಬೈಕ್ ತಳ್ಳುತ್ತಿದ್ದ. ತನುಶ್ರೀ ಹಿಂದೆ ನಡೆಯುತ್ತಿದ್ದಳು. ನಲ್ಲಪ್ಪನ ಹಾಳುಬಾವಿ ಬಂತು. ತನುಶ್ರೀ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು...

ಆ ಬಾವಿಯ ಹತ್ತಿರವೇ ಚಲಪತಿಯ ಚಿಕ್ಕಮ್ಮ ವರಲಕ್ಷ್ಮಮ್ಮ ಸತ್ತದ್ದು, ಅವನೇ ಓಡಿಸುತ್ತಿದ್ದ ಇದೇ ಬೈಕಿನಿಂದ ಬಿದ್ದು. ಹಿಂದಿನ ಚಕ್ರಕ್ಕೆ ಬಟ್ಟೆ ಸಿಗದಂತೆ ಒಂದು ಸೀರೆ ಗಾರ್ಡ್ ಇರುತ್ತದಲ್ಲ, ಅದನ್ನು ಚಲಪತಿ ಕೊಂಡ ವಾರದಲ್ಲೇ ಬಿಚ್ಚಿಸಿದ್ದ. ಅದಿದ್ದರೆ ಬೈಕು ಮುದುಕರ ಗಾಡಿ ಥರ ಕಾಣುತ್ತದಂತೆ. ಚಿಕ್ಕಮ್ಮನ ಸೆರಗು ಚಕ್ರಕ್ಕೆ ಸಿಕ್ಕಿತು. ಹನ್ನೊಂದನೆಯ ದಿನದ ಊಟದಲ್ಲಿ ಚಲಪತಿ, "ಸೆರಗು ಸಿಕ್ಕಿಸ್ಕೊಂಡು ಕೂತ್ಕೋಬಾರ್ದಾ?" ಅಂದ. ಬಡಿಸುತ್ತಿದ್ದವರೂ ಹೌದು ಅಂದರು. ಅವನು ಚಕ್ರದ ಕಡ್ಡಿಗಳನ್ನು ಶಾಂಪೂ ಹಾಕಿ ತೊಳೆದ. ಗಾರ್ಡ್ ಮಾತ್ರ ಮತ್ತೆ ಹಾಕಿಸಲಿಲ್ಲ.

ಬಾವಿಯಿಂದ ಊರಿನವರೆಗೂ ಇಳಿಜಾರು.

"ಹತ್ಕೊಳೇ. ಇಂಜಿನ್ ಬೇಕಾಗಿಲ್ಲ, ತಾನೇ ಉರುಳ್ತದೆ."

"ಇಲ್ಲಿ ಹತ್ತಲ್ಲ ರೀ," ಪಿಸುದನಿಯಲ್ಲಿ ತನುಶ್ರೀ ಅಂದಳು. "ನನ್ನ ಸೀರೇನೂ ಸಿಕ್ಕಾಕ್ಕೊಂಡ್ರೆ?"

"ಹಂಗಾದ್ರೆ ಬಾವಿ ಜೊತೆ ಸಂಸಾರ ಮಾಡ್ಕೊಂಡಿರು."

ಮಫ್ಲರ್ ಸುತ್ತಿಕೊಂಡು ಅವನು ಸೀಟಿನ ಮೇಲೆ ಕೂತ. ಹಿಂದಿರುಗಿ ನೋಡಲಿಲ್ಲ, ಗಂಡಸಿನ ಮರ್ಯಾದೆಯ ಪ್ರಶ್ನೆ. ಸ್ವಲ್ಪ ಹೊತ್ತಿಗೆ ಹಿಂದಿನ ಸ್ಪ್ರಿಂಗು "ಕುಂಯ್..." ಅಂತು. ಭಾರ ಕೂತಿತು. ಗೆದ್ದೆ ಅಂದುಕೊಂಡು ಬ್ರೇಕ್ ಬಿಟ್ಟ.

ಬೈಕ್ ಉರುಳಿತು. ಇಂಜಿನ್ನಿನ ಸದ್ದಿಲ್ಲ. ಚೈನು ಮಾತ್ರ ಕಿರ್... ಕಿರ್... ಕಿರ್...

"ಮುಂದಕ್ಕೆ ಸರ್ಕೋಪ್ಪ," ಕಿವಿಯ ಹತ್ತಿರ ಪಿಸುಮಾತು.

ಸರಿದ.

"ಇನ್ನೂ ಸ್ವಲ್ಪ..."

ಮತ್ತೆ ಸರಿದ. ಈಗ ಅವನ ಅರ್ಧ ಭಾಗ ಟ್ಯಾಂಕಿನ ಮೇಲಿತ್ತು. "ಆರತಕ್ಷತೇಲಿ ಅಷ್ಟೊಂದು ತಿಂದ್ಯೇನೇ?" ಅಂತ ನಕ್ಕ. ಹಿಂದಿನವರು ನಗಲಿಲ್ಲ.

ಆಗ ಬಹಳ ದೂರದಿಂದ, ಮೇಲೆ ಬಾವಿಯ ಕಡೆಯಿಂದ, ತನುಶ್ರೀಯ ದನಿ ಕೇಳಿಸಿತು.

"ರೀ... ನನ್ನ ಬಿಟ್ಟು ಹೋಗ್ತಿದೀರಲ್ರೀ!"

ಚಲಪತಿ ಬ್ರೇಕ್ ತುಳಿದ. ಹಿಡಿಯಲಿಲ್ಲ. ಅವನ ಕತ್ತಿನ ಮಫ್ಲರನ್ನು ಯಾರೋ ನಿಧಾನವಾಗಿ, ಒಂದೊಂದೇ ಸುತ್ತು ಬಿಚ್ಚುತ್ತಿದ್ದರು, ಮಗುವಿಗೆ ಬಿಚ್ಚಿದ ಹಾಗೆ. ಕೊನೆಯ ಒಂದು ಸುತ್ತನ್ನು ಮಾತ್ರ ಬಿಚ್ಚಲಿಲ್ಲ. ತುದಿ ಕೆಳಗೆ ಇಳಿಯಿತು. ಚಕ್ರದ ಕಡ್ಡಿಗಳಿಗೆ ಬಟ್ಟೆ ಬಡಿಯಿತು. ಪಟ್... ಪಟ್... ಪಟಪಟಪಟ...

"ಚಿಕ್ಕಮ್ಮಾ, ನಾಳೆನೇ ಹಾಕಿಸ್ತೀನಿ..."

ಅಷ್ಟೇ.

ತನುಶ್ರೀ ಎದ್ದು ಬಿದ್ದು ಇಳಿದು ಬರುವ ಹೊತ್ತಿಗೆ ಬೈಕ್ ರಸ್ತೆಯ ಪಕ್ಕ ಸೈಡ್ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಂತಿತ್ತು. ಚಲಪತಿ ಚಕ್ರದ ಪಕ್ಕ ಇದ್ದ. ಮಫ್ಲರ್ ಕೊಯ್ಯಲು ಕುಡುಗೋಲು ತರಬೇಕಾಯಿತು.

ಪೊಲೀಸರು ಬರುವವರೆಗೂ ಗಾಡಿ ಮುಟ್ಟಬೇಡಿ ಅಂತ ಊರವರು ಅಂದರು. ಊರಿನ ತಳವಾರ ಚೆನ್ನರಾಯಪ್ಪ ಕಂಬಳಿ ಹೊದ್ದು ಅಲ್ಲೇ ಕಾವಲು ಕೂತ. ರಾತ್ರಿಯೆಲ್ಲ ಮಂಜು ಸುರಿಯಿತು. ಬೆಳಗ್ಗೆ ಹ್ಯಾಂಡಲ್, ಟ್ಯಾಂಕು, ಮುಂದಿನ ಸೀಟು ಎಲ್ಲ ತೊಯ್ದು ನೀರು ತೊಟ್ಟಿಕ್ಕುತ್ತಿತ್ತು. ಹಿಂದಿನ ಸೀಟು ಮಾತ್ರ ಒಣಗಿತ್ತು. ಚೆನ್ನರಾಯಪ್ಪ ಅಂಗೈ ಇಟ್ಟು ನೋಡಿದ್ದಾನೆ. ಸುಳ್ಳು ಹೇಳುವ ಮನುಷ್ಯ ಅಲ್ಲ.