ಅಪ್ಪ ಕೇಳಿದ ಜೀವನಚರಿತ್ರೆ

ಕಣ್ಣಿಗೆ ಹನಿ ಬಿಟ್ಟ ನರ್ಸ್ "ಮುಚ್ಕೊಂಡು ಕೂತಿರಿ" ಎಂದಿದ್ದಳು. ಕಿವಿಯ ವಿಚಾರ ಹೇಳಿರಲಿಲ್ಲವಾದ್ದರಿಂದ ಕಣ್ಣು ತೋರಿಸಲು ಬಂದಿದ್ದ ಬ್ಯಾಂಕಿನ ಗುಮಾಸ್ತೆ ಅವನ್ನು ಅಗಲವಾಗಿಯೇ ತೆರೆದಿಟ್ಟುಕೊಂಡಿದ್ದಳು. ಪಕ್ಕದ ಬೆಂಚಿನಲ್ಲಿ ಅಕ್ಕ ತಮ್ಮ ಪಿಸುದನಿಯಲ್ಲೇ ಜಗಳಕ್ಕಿಳಿದಿದ್ದರು.

"ಒಳಗೆ ಅಪ್ಪನ ಕಣ್ಣಿನ ಪಟ್ಟಿ ಬಿಚ್ತಿದಾರೆ. ಆಚೆ ಬಂದ ತಕ್ಷಣ ಪುಸ್ತಕ ಕೇಳ್ತಾರೆ ಕಣೋ."

"ಕಳೆದುಹೋಯ್ತು ಅಂತ ಹೇಳಕ್ಕ."

"ದೊಡ್ಡ ನಟನಾದ ಮಗನ ಜೀವನಚರಿತ್ರೆ! ದಿಂಬಿನ ಕೆಳಗಿಟ್ಕೊಂಡು ಮಲಗ್ತಿದ್ರು. ಕಳೆಯೋದು ಹೇಗೋ?"

"ಓದಿಬಿಟ್ರೆ? ಅಪ್ಪ ಕುಡಿದು ಬಂದು ಅಣ್ಣನ ನಾಟಕದ ವೇಷ ಹರಿದುಹಾಕ್ತಿದ್ರು ಅಂತ ಬರೆದಿದಾನಲ್ಲ ಆ ಲೇಖಕ!"

"ಕಾಫಿ ಬಿಟ್ಟು ಇನ್ನೊಂದು ಕುಡಿದೋರಲ್ಲ. ಆ ವೇಷ ಹೊಲಿದೋರೇ ಅಪ್ಪ."

"ಹೊಲಿದ್ರೆ ಪುಸ್ತಕ ಓಡಲ್ಲಕ್ಕ, ಹರಿದ್ರೆ ಓಡುತ್ತೆ."

"ಅಚ್ಚಾಗೋ ಮುಂಚೆ ಅಣ್ಣನಾದ್ರೂ ಓದ್ಬೇಕಿತ್ತು."

"ಅವನು ಓದ್ತಾನಾ? 'ಅಪ್ಪನಿಗೆ ಪ್ರೀತಿಯಿಂದ' ಅಂತ ಸಹಿ ಹಾಕಿ ಕಳಿಸಿದಾನೆ."

ಬಾಗಿಲು ಕಿರುಗುಟ್ಟಿತು.

"ಎಲ್ಲಿ ಕಣಮ್ಮ ಪುಸ್ತಕ?" ಮುದುಕರ ದನಿ. "ನಾನೀಗಲೇ ಓದಬಾರದಂತೆ. ನೀನೇ ಓದು. ನನ್ನ ವಿಷಯ ಬರೋ ಕಡೆ."

ಹಾಳೆ ಮಗುಚಿದ ಸದ್ದು. ಅಕ್ಕ ಗಂಟಲು ಸರಿಮಾಡಿಕೊಂಡು, ಪುಸ್ತಕದ ಗತ್ತನ್ನೇ ದನಿಗೆ ತಂದುಕೊಂಡಳು.

"'ವೇಷಕ್ಕೆ ಬಟ್ಟೆಯಿಲ್ಲದಾಗ... ತಂದೆಯವರು ತಮ್ಮ ಮದುವೆಯ ಕೋಟನ್ನೇ ಕತ್ತರಿಸಿ... ಮಗನಿಗೆ ರಾಜನ ಪೋಷಾಕು ಹೊಲಿದುಕೊಟ್ಟರು.'"

ತಮ್ಮನು ಪಟ್ಟನೆ ಪುಸ್ತಕ ಮುಚ್ಚಿದ್ದು ಗುಮಾಸ್ತೆಗೂ ಕೇಳಿಸಿತು.

"ಆ ಕೋಟು ಇನ್ನೂ ನೆನಪಿದೆಯಾ ಅವನಿಗೆ!" ಎಂದರು ಮುದುಕರು. ಮೂವರ ಹೆಜ್ಜೆಗಳೂ ಮೆಟ್ಟಿಲ ಕಡೆ ಹೊರಟವು. "ಒಳ್ಳೇ ಲೇಖಕ ಕಣಮ್ಮ. ಒಂದಕ್ಷರ ಸುಳ್ಳು ಬರೆದಿಲ್ಲ."