ಬಿರುಕಿಗೆ ಅಡ್ಡ ಅಂಟಿಸಿದ ಗಾಜು

ಬಸ್ಸಿನಲ್ಲಿ ಮುಂದಿನ ಸೀಟಿನ ಅಕ್ಕತಂಗಿಯರ ಮಾತಿಗೆ ಹಿಂದೆ ಕೂತಿದ್ದ ದರ್ಜಿಯೊಬ್ಬನ ಕಿವಿ ತಾನಾಗಿ ನಿಮಿರಿತು.

“ಅಕ್ಕ, ಮೊದಲು ಬಂದ ಇಂಜಿನಿಯರ್ ಗೋಡೆ ಬಿರುಕು ನೋಡಿದ್ದೇ ತಡ, ಮನೆ ಕೆಡವಿ ಅಂದ್ರಲ್ಲ?”

“ಹೂಂ. ಯಾಕೆ ಅಂತ ಕೇಳಿದ್ರೆ, ನಿಮಗೆ ತಿಳಿಯಲ್ಲ ಅಂದ್ರು.”

“ಎರಡನೆಯವರು?”

“ಬಿರುಕು ಹಳೇದು, ಬೆಳೀತಿಲ್ಲ ಅಂದ್ರು. ಅಡ್ಡಲಾಗಿ ತೆಳು ಗಾಜು ಅಂಟಿಸಿ ತಾರೀಖು ಬರೆದ್ರು. ‘ಇದು ಒಡೆದ್ರೆ ನನ್ನ ಮಾತು ತಪ್ಪು, ತಕ್ಷಣ ಮನೆ ಬಿಡಿ’ ಅಂದ್ರು.”

“ತನ್ನ ತಪ್ಪು ಹಿಡಿಯೋ ದಾರೀನ ನಮ್ಮ ಕೈಗೇ ಕೊಟ್ರು ಅನ್ನು!”

“ಅದಕ್ಕೇ ನಂಬಿದೆ ಕಣೇ. ಇವತ್ತಿಗೆ ವರ್ಷ.”

“ಗಾಜು?”

ದರ್ಜಿ ಮುಂದಕ್ಕೆ ಬಾಗಿದ.

“ಬೆಳಿಗ್ಗೆ ಒರೆಸಿ ನೋಡಿದೆ. ಕೂದಲೆಳೆಯಷ್ಟೂ ಗೀರಿಲ್ಲ. ಅಮ್ಮನ ಮನೆ ಉಳೀತು.”

“ಪುಣ್ಯಾತ್ಮ! ಕೈಮುಗಿದ್ರೆ ಏನಂತಾರೋ?”

“ಇನ್ನೇನಂತಾರೆ? ಗಾಜು ತೆಗೀಬೇಡಿ, ನೋಡ್ತಾ ಇರಿ ಅಂತಾರೆ.”

ನಗುತ್ತಲೇ ಇಬ್ಬರೂ ಇಳಿದುಹೋದರು.