ಅತಿಯಾಗಿ ಅರೆದ ಪುಡಿ

ಬಸ್ಸಿನಲ್ಲಿ ನನ್ನ ಮುಂದೆ ಅತ್ತಿಗೆ ನಾದಿನಿ ಕೂತಿದ್ದರು. ನಾದಿನಿಗೆ ಲೋಹದ ಪ್ರಯೋಗಾಲಯದಲ್ಲಿ ಕೆಲಸವಂತೆ.

“ಕೆಲಸದಿಂದ ತೆಗೆದುಬಿಟ್ರೇನೇ?”

“ಇಲ್ಲ ಅತ್ತಿಗೆ, ಉಳೀತು! ಅರೆಯೋ ಯಂತ್ರ ನಿಲ್ಲಿಸೋದು ಮರೆತಿದ್ನಲ್ಲ, ಲೋಹದ ಪುಡಿಯ ಹರಳೆಲ್ಲ ಒಳಗೊಳಗೇ ಮುರಿದಿತ್ತು. ಸಾಹೇಬರು ಎಸೆದುಬಿಡು ಅಂದ್ರು.”

“ಎಸೆದ್ಯಾ?”

“ಮನಸ್ಸು ಬರ್ಲಿಲ್ಲ. ಹೈಡ್ರೋಜನ್ ಅನಿಲ ಹೀರಿಟ್ಕೊಳ್ಳೋಕೇ ಮಾಡೋ ಪುಡಿ ಅಲ್ವಾ, ಅನಿಲ ಬಿಟ್ಟು ನೋಡಿದೆ. ಒಳ್ಳೇ ಪುಡಿ ದಿನವೆಲ್ಲ ಹೀರೋದನ್ನ ಇದು ಗಟಗಟ ಕುಡೀತು!”

“ಕೆಟ್ಟಿದ್ದು ಹೆಂಗೆ ಕುಡಿಯುತ್ತೆ?”

“ಗಟ್ಟಿ ಗಾರೆ ನೆಲ ನೀರು ಹೀರುತ್ತಾ? ಬಿರುಕು ಬಿಟ್ರೆ ಹೀರುತ್ತೆ. ಹರಳಲ್ಲೂ ಹಂಗೇ, ಮುರಿದ ಕಡೆಯೇ ದಾರಿ.”

“ಸಾಹೇಬರು?”

“‘ನಾಳೆ ಇನ್ನೊಂದ್ಸಲ ಮರೆತುಬಿಡಮ್ಮಾ’ ಅಂದ್ರು.”

ಅತ್ತಿಗೆ ಹಣೆ ಚಚ್ಚಿಕೊಂಡು ನಕ್ಕಳು. “ಮೊದಲು ನಿಮ್ಮಣ್ಣಂಗೆ ಫೋನ್ ಮಾಡೇ. ನಿನ್ನ ಕೆಲಸದ ಚಿಂತೇಲಿ ಬೆಳಗ್ಗೆಯಿಂದ ಒಂದು ತುತ್ತು ಬಾಯಿಗಿಟ್ಟಿಲ್ಲ.”

ನಾದಿನಿ ಫೋನು ಕಿವಿಗಿಟ್ಟುಕೊಂಡೇ ಇಳಿದಳು. “ಅಣ್ಣಾ, ಊಟ ಮಾಡೋ,” ಅನ್ನುವುದು ಕೇಳಿಸಿತು.